ದೇಹ ಕೈಕೊಟ್ಟಾಗ ಪ್ರಾರ್ಥಿಸುವುದು ಹೇಗೆ

ಬೆನ್ನುಹುರಿಯ ಕಾಯಿಲೆಯಿಂದ ಸೊಂಟದ ಕೆಳಗೆ ಬಲ ಹೋದ ಮೇಲೆ ನಾನು ವೀಲ್‌ಚೇರ್‌ನಲ್ಲೇ ಸಭೆಗೆ, ಅಂದರೆ ಚರ್ಚಿಗೆ, ಹೋಗುತ್ತೇನೆ. ಹೊಸದಾಗಿ ಇಂಥ ಸ್ಥಿತಿಗೆ ಬಂದ ವಿಶ್ವಾಸಿಗಳು ನನ್ನ ಹತ್ತಿರ ಹೆಚ್ಚಾಗಿ ಕೇಳುವುದು ಇದನ್ನೇ: "ಅಕ್ಕಾ, ಪ್ರಾರ್ಥನೆ ಬಾಯಿಗೇ ಬರ್ತಿಲ್ಲ, ಏನು ಮಾಡ್ಲಿ?"

ಮೊದಲು "ಇದು ಯಾರ ಪಾಪದ ಫಲ?" ಅನ್ನುವ ಯೋಚನೆ ಬಿಡಿ. ಹುಟ್ಟುಕುರುಡನನ್ನು ನೋಡಿ ಶಿಷ್ಯರೂ ಹೀಗೇ ಕೇಳಿದ್ದರು. ಅವನ ಪಾಪವೂ ಕಾರಣವಲ್ಲ, ಅವನ ತಂದೆತಾಯಿಯ ಪಾಪವೂ ಕಾರಣವಲ್ಲ ಎಂದು ಯೇಸುಸ್ವಾಮಿ ಹೇಳಿದರು. ಸತ್ಯವೇದದ (ಬೈಬಲಿನ) ಯೋಹಾನ 9ನೇ ಅಧ್ಯಾಯದಲ್ಲಿದೆ, ಓದಿಕೊಳ್ಳಿ.

ಆಮೇಲೆ ದೂರು ಹೇಳಲು ಶುರು ಮಾಡಿ. ಹೌದು, ದೇವರಿಗೇ. ಕೀರ್ತನೆ 13 ತೆಗೆಯಿರಿ, ಅಲ್ಲಿ ದಾವೀದನು "ಇನ್ನೂ ಎಲ್ಲಿಯವರೆಗೆ?" ಎಂದು ಮತ್ತೆ ಮತ್ತೆ ಕೇಳುತ್ತಾನೆ. ಒಂದು ವಚನವನ್ನು ಗಟ್ಟಿಯಾಗಿ ಓದಿ, ನಿಲ್ಲಿಸಿ. ಈಗ ನಿಮ್ಮ ಮಾತು ಸೇರಿಸಿ. ಅಲ್ಲಾಡದ ನನ್ನ ಕಾಲುಗಳು ರಾತ್ರಿ ಬೆಂಕಿ ಬಿದ್ದ ಹಾಗೆ ಉರಿಯುತ್ತವೆ. ಆಗ ನಾನು ಹೇಳುವುದು ಇಷ್ಟೇ: "ಕರ್ತನೇ, ಉರೀತಿದೆ. ನಿದ್ದೆ ಇಲ್ಲ. ನಿನ್ನ ಮೇಲೆ ಕೋಪ ಬಂದಿದೆ." ಮನಸ್ಸಿನಲ್ಲಿ ಸ್ತೋತ್ರ ಇಲ್ಲದಿದ್ದರೆ ಸುಮ್ನೆ ಕೊನೆಯಲ್ಲಿ ಅಂಟಿಸಬೇಡಿ. ಕೀರ್ತನೆ 88 ಕತ್ತಲೆಯಲ್ಲೇ ಮುಗಿಯುತ್ತದೆ, ಆದರೂ ಅದು ಸತ್ಯವೇದದಲ್ಲೇ ಇದೆ ಅಲ್ವಾ? ತಪ್ಪು ಮಾಡದೆಯೂ ಎಲ್ಲವನ್ನೂ ಕಳೆದುಕೊಂಡು ನರಳಿದ ಯೋಬನ ಕಥೆಯೂ ಹಾಗೆಯೇ. ಗೆಳೆಯರು ದೇವರ ಪರವಾಗಿ ಉದ್ದುದ್ದ ವಾದ ಮಾಡಿದರು, ಯೋಬನು ದೇವರ ಜೊತೆಗೇ ವಾದಕ್ಕಿಳಿದ. ಕೊನೆಗೆ ದೇವರು ಸಿಟ್ಟಾದದ್ದು ಆ ಗೆಳೆಯರ ಮೇಲೆ. ಶಿಲುಬೆಯ ಮೇಲೆ ಯೇಸುಸ್ವಾಮಿ ಕೂಗಿದ್ದೂ 22ನೇ ಕೀರ್ತನೆಯ ಮೊದಲ ಸಾಲನ್ನೇ, "ಯಾಕೆ ಕೈಬಿಟ್ಟೆ?" ಎಂದು. ಮಾತೇ ಹೊರಡದ ದಿನ ನರಳಿದರೂ ಸಾಕು. ಮಾತಿಲ್ಲದ ನರಳಾಟದಿಂದ ಪವಿತ್ರಾತ್ಮನೇ ನಮಗಾಗಿ ಬೇಡಿಕೊಳ್ಳುತ್ತಾನೆ ಎಂದು ರೋಮಾಪುರದವರಿಗೆ ಬರೆದ ಪತ್ರದಲ್ಲಿದೆ.

ಗುಣವಾಗಲಿ ಎಂದು ಧೈರ್ಯವಾಗಿ ಕೇಳಿ. ನಾನು ಈಗಲೂ ಕೇಳುತ್ತೇನೆ. ಆದರೆ ಯಾರಾದರೂ ತಲೆಯ ಮೇಲೆ ಕೈಯಿಡಲು ಬಂದರೆ, ಯಾವುದಕ್ಕಾಗಿ ಪ್ರಾರ್ಥಿಸಬೇಕು ಎಂದು ನೀವೇ ಹೇಳಿ. ಕುರುಡ ಬಾರ್ತಿಮಾಯನನ್ನೂ ಯೇಸುಸ್ವಾಮಿ "ನಿನಗೆ ಏನು ಮಾಡಬೇಕು?" ಎಂದು ಮೊದಲು ಕೇಳಿದರು. "ಇವತ್ತು ನಿದ್ದೆ ಬರಲಿ ಅಂತ ಪ್ರಾರ್ಥಿಸಿ" ಅನ್ನುವುದು ಸಣ್ಣ ಬೇಡಿಕೆಯೇನಲ್ಲ. "ನಿಮಗೆ ನಂಬಿಕೆ ಸಾಲದು" ಅನ್ನುವವರು ಸಿಕ್ಕೇ ಸಿಗುತ್ತಾರೆ. ಅಪೊಸ್ತಲ ಪೌಲನು ತನ್ನ "ಶರೀರದ ಮುಳ್ಳು", ಅಂದರೆ ಅವನನ್ನು ಬಿಡದೆ ಕಾಡುತ್ತಿದ್ದ ಒಂದು ಬಾಧೆ, ಹೋಗಲಿ ಎಂದು 3 ಸಲ ಬೇಡಿಕೊಂಡ, ಅದು ಹೋಗಲಿಲ್ಲ. "ನನ್ನ ಕೃಪೆಯೇ ನಿನಗೆ ಸಾಕು" ಅನ್ನುವ ಉತ್ತರ ಬಂತು. ಜೊತೆಗಾರ ತ್ರೊಫಿಮನನ್ನು ಅವನು ಮಿಲೇತ ಎಂಬ ಊರಲ್ಲಿ ಕಾಯಿಲೆಯಲ್ಲೇ ಬಿಟ್ಟು ಬಂದ. ಅವರಿಗೆಲ್ಲ ನಂಬಿಕೆ ಇರಲಿಲ್ಲವೇ? ಮಾತ್ರೆ, ಫಿಸಿಯೋಥೆರಪಿ ಯಾವುದನ್ನೂ ನಿಲ್ಲಿಸಬೇಡಿ.

ಕಷ್ಟದಿಂದ ತಾಳ್ಮೆ, ತಾಳ್ಮೆಯಿಂದ ನಿರೀಕ್ಷೆ ಹುಟ್ಟುತ್ತದೆ ಎಂದು ಪೌಲ ಬರೆದದ್ದು ನಿಜ. ಆದರೆ ಅದು ಕಷ್ಟ ಪಟ್ಟವನು ತನ್ನ ಅನುಭವದಿಂದ ಆಡಿದ ಮಾತು. ಹಾಸಿಗೆ ಹಿಡಿದವರಿಗೆ ಆರೋಗ್ಯವಂತರು ಒಪ್ಪಿಸುವ ಪಾಠ ಅಲ್ಲ. ಹಾಗಾಗಿ "ನಾನು ಬೆಳೆದೆನಾ?" ಎಂದು ದಿನಾ ಅಳೆಯಬೇಡಿ. ನನ್ನೊಳಗೆ ಏನಾದರೂ ಬೆಳೆದಿದ್ದರೆ, ಬೆಳಿಗ್ಗೆ ನನ್ನನ್ನು ಎತ್ತಿ ಕೂರಿಸುವ ಕೈಗಳ ಮುಂದೆ ನಾಚಿಕೊಳ್ಳದಿರುವುದು. ಸತ್ತು ಎದ್ದು ಬಂದ ಯೇಸುವಿನ ದೇಹದಲ್ಲೂ ಗಾಯಗಳು ಉಳಿದಿದ್ದವು, ನಂಬದಿದ್ದ ಶಿಷ್ಯ ತೋಮನಿಗೆ ಅವನ್ನೇ ತೋರಿಸಿದರು. ನನಗೆ ಅತಿ ಜಾಸ್ತಿ ಧೈರ್ಯ ಕೊಟ್ಟ ವಚನ ಅದು.

ಇನ್ನೊಂದು ಕೆಲಸ ಬಾಕಿ ಇದೆ. ಸಭೆಯಲ್ಲಿ ಪ್ರಾರ್ಥನೆ ಮಾಡಿಸಿಕೊಳ್ಳುವವರಾಗಿ ಮಾತ್ರ ಉಳಿಯಬೇಡಿ. ಸಭೆಯನ್ನು ಒಂದು ದೇಹಕ್ಕೆ ಹೋಲಿಸಿ, ಬಲಹೀನವಾಗಿ ಕಾಣುವ ಅಂಗಗಳೇ ದೇಹಕ್ಕೆ ಅಗತ್ಯ ಎಂದು 1 ಕೊರಿಂಥ 12ರಲ್ಲಿದೆ. ಪಾಸ್ಟರ್ ಹತ್ತಿರ ಹೋಗಿ ಒಂದು ಜವಾಬ್ದಾರಿ ಕೇಳಿ: ವಾಕ್ಯ ಓದುವುದು, ಕಾಯಿಲೆಯವರಿಗೆ ಫೋನ್ ಮಾಡಿ ಪ್ರಾರ್ಥಿಸುವುದು, ಮಕ್ಕಳಿಗೆ ಕಲಿಸುವುದು. ಹಾಗೆಯೇ ರ‍್ಯಾಂಪ್ ಬಾಗಿಲಿಗೆ ಮಾತ್ರ ಸಾಲದು, ವಾಕ್ಯ ಓದುವ ವೇದಿಕೆಗೂ ಬೇಕು ಎಂದು ಹೇಳಿಬಿಡಿ.