ಶ್ರೀಲಂಕಾಕ್ಕಷ್ಟೇ ಸೇರಿದ ಪ್ರಾಣಿ, ಹಕ್ಕಿ, ಓತಿಗಳನ್ನು ನೋಡುವುದು ಹೇಗೆ

ಶ್ರೀಲಂಕಾ ಬಿಟ್ಟು ಇನ್ನೆಲ್ಲೂ ಇಲ್ಲದ ಜೀವಿಗಳನ್ನು ನೋಡಲು ಹೊರಟವರು ಮೊದಲು ಎಡವುವುದು ಜಾಗದ ಆಯ್ಕೆಯಲ್ಲಿ. ಒಣಸೀಮೆಯ ಯಾಲಾ, ಮಿನ್ನೇರಿಯಾ, ಸಿಗಿರಿಯಾಗಳಿಗೆ ಬುಕ್ ಮಾಡಿಬಿಡುತ್ತಾರೆ. ಅಲ್ಲಿ ಆನೆ, ಜಿಂಕೆ, ಮುಸ್ಯ, ನವಿಲು ಧಾರಾಳವಾಗಿ ಕಾಣುತ್ತವೆ, ಆದರೆ ಇವೆಲ್ಲ ಬಂಡೀಪುರ, ನಾಗರಹೊಳೆಯಲ್ಲೂ ಇರುವಂಥವೇ. ಯಾಲಾದ ಚಿರತೆ ಲಂಕೆಯದೇ ಉಪಪ್ರಭೇದ ಎನ್ನುವುದು ನಿಜ. ಆದರೂ ಲಂಕೆಯ ಸ್ವಂತ ಸಂಪತ್ತಿನ ಬಹುಪಾಲು ಇರುವುದು ನೈಋತ್ಯದ ಮಳೆಕಾಡು ಮತ್ತು ನಡುವಿನ ಬೆಟ್ಟಸೀಮೆಯಲ್ಲಿ. ಸಮುದ್ರ ಮಟ್ಟ ಇಳಿದಿದ್ದ ಕಾಲದಲ್ಲಿ ಭಾರತದಿಂದ ನೆಲದ ದಾರಿ ಇತ್ತು. ಒಣಸೀಮೆಯ ಪ್ರಾಣಿಗಳಲ್ಲಿ ಅನೇಕ ಆಚೀಚೆ ಓಡಾಡಿದವು. ಮಳೆಕಾಡಿನವು ಮಾತ್ರ ತಮ್ಮ ಮೂಲೆಯಲ್ಲೇ ಉಳಿದು ಬೇರೆಯಾಗಿ ಬೆಳೆದವು.

ಕೈಯಲ್ಲಿ ಐದು ದಿನ ಇದ್ದರೆ ಮೂರನ್ನು ನೈಋತ್ಯದ ಸಿಂಹರಾಜ ಮಳೆಕಾಡಿಗೆ, ಒಂದನ್ನು ಬೆಟ್ಟಸೀಮೆಯ ಹಾರ್ಟನ್ ಪ್ಲೇನ್ಸ್‌ಗೆ ಕೊಡಿ. ಉಳಿದ ಒಂದು ದಿನ ಪ್ರಯಾಣಕ್ಕೇ ಹೋಗುತ್ತದೆ. ಜನವರಿಯಿಂದ ಮಾರ್ಚ್‌ವರೆಗೆ ಮಳೆ ಕಡಿಮೆ, ಆಗಸ್ಟ್ ಸೆಪ್ಟೆಂಬರ್ ಕೂಡ ಪರವಾಗಿಲ್ಲ. ಯಾವ ತಿಂಗಳಲ್ಲಿ ಹೋದರೂ ಮಧ್ಯಾಹ್ನದ ಮೇಲೆ ಮಳೆ ಬರಬಹುದು ಎಂದುಕೊಂಡೇ ಹೊರಡಿ.

ಸಿಂಹರಾಜಕ್ಕೆ ಕುಡಾವ ಕಡೆಯ ದ್ವಾರದಿಂದ ಹೋಗುವುದು ಒಳ್ಳೆಯದು. 1970ರ ದಶಕದಲ್ಲಿ ಪ್ಲೈವುಡ್‌ಗಾಗಿ ಇಲ್ಲಿ ಮರ ಕಡಿದಿದ್ದರು, ಆಗ ಲಾರಿ ಓಡಾಡಿದ ಅಗಲದ ದಾರಿ ಇನ್ನೂ ಇದೆ. ಮೊದಲ ದಿನ ಈ ದಾರಿ ಬಿಟ್ಟು ಕಾಲುದಾರಿಗೆ ಇಳಿಯಬೇಡಿ. ಒಳಗೆ ಹೋದರೆ ನೆತ್ತಿಯ ಮೇಲಿನ ಎಲೆ ಬಿಟ್ಟು ಬೇರೇನೂ ಕಾಣುವುದಿಲ್ಲ. ದಾರಿಯಲ್ಲಿ ನಿಂತರೆ ಮರದ ಬುಡದಿಂದ ತುದಿಯವರೆಗೆ ಕಣ್ಣು ಹಾಯುತ್ತದೆ.

ಇಲ್ಲಿನ ಹಕ್ಕಿಗಳು ಒಂಟಿಯಾಗಿ ಸಿಗುವುದು ಅಪರೂಪ. ಹತ್ತು ಹನ್ನೆರಡು ಬಗೆಯ, ಸರಾಸರಿ ನಲವತ್ತರಷ್ಟು ಹಕ್ಕಿಗಳು ಒಂದೇ ಹಿಂಡಾಗಿ ಮೇಯುತ್ತಾ ಸಾಗುತ್ತವೆ. ಹಿಂಡು ಬರುವ ಸುದ್ದಿ ಮೊದಲು ತಿಳಿಯುವುದು ಕಿವಿಗೆ. ಕಿತ್ತಳೆ ಕೊಕ್ಕಿನ ಹರಟೆಮಲ್ಲಗಳ ಎಡೆಬಿಡದ ಗದ್ದಲ, ಅದರ ನಡುವೆ ಬೇರೆ ಹಕ್ಕಿಗಳ ದನಿಯನ್ನು ಅಣಕಿಸುವ ಲಂಕಾ ಕಾಜಾಣದ ಕೂಗು ಕೇಳಿದರೆ ಇದ್ದಲ್ಲೇ ನಿಲ್ಲಿ. ಕಾಜಾಣ ನಮ್ಮ ಭೀಮರಾಜನ ಹತ್ತಿರದ ನೆಂಟ, ಬಾಲದ ಉದ್ದ ಎಳೆಗಳಿಲ್ಲ ಅಷ್ಟೇ.

ಹೆಚ್ಚಿನವರು ಹರಟೆಮಲ್ಲಗಳನ್ನೇ ನೋಡುತ್ತಾ ನಿಂತು ಉಳಿದದ್ದನ್ನು ಕಳೆದುಕೊಳ್ಳುತ್ತಾರೆ. ಅವುಗಳ ಸದ್ದನ್ನು ಗುರುತಾಗಿ ಇಟ್ಟುಕೊಂಡು ಮೊದಲು ಮರದ ತುದಿಗೆ ಬೈನಾಕ್ಯುಲರ್ ಹಿಡಿಯಿರಿ. ಕೋಗಿಲೆ ಕುಟುಂಬದ ಕೆಂಪುಮೊಗದ ಮಾಲ್ಕೋಹಾ ಸದ್ದಿಲ್ಲದೆ, ಹೆಚ್ಚು ಹಾರದೆ ಕೊಂಬೆಯಿಂದ ಕೊಂಬೆಗೆ ಜರುಗುತ್ತಿರುತ್ತದೆ. ಅಲುಗುವ ಎಲೆಯನ್ನು ಹಿಂಬಾಲಿಸಿದರೆ ಉದ್ದ ಬಾಲದ ಬಿಳಿ ತುದಿ ಮೊದಲು ಕಾಣುತ್ತದೆ. ಆಮೇಲೆ ನಡುಮಟ್ಟ, ಕಡೆಗೆ ನೆಲ. ಬೂದು ತಲೆಯ ನಗೆಮಲ್ಲಗಳು ಅಲ್ಲಿ ತರಗೆಲೆ ಕೆದಕುತ್ತಿರುತ್ತವೆ. ಹಿಂಡು ದಾಟಿಹೋದರೆ ಬೆನ್ನಟ್ಟಬೇಡಿ, ಓಡುವ ಕಾಲಿನ ಸದ್ದಿಗೆ ಅದು ಇನ್ನೂ ಒಳಗೆ ಸರಿಯುತ್ತದೆ. ಅರ್ಧ ಗಂಟೆ ಅಲ್ಲೇ ಕಾಯಿರಿ.

ಫೋನಿನಲ್ಲಿ ಕೂಗು ಹಾಕಿ ಹಕ್ಕಿ ಕರೆಯುವುದಂತೂ ಬೇಡವೇ ಬೇಡ. ವರ್ಷಾರಂಭದ ಒಣ ತಿಂಗಳುಗಳು ಲಂಕೆಯ ನೀಲಿ ಮ್ಯಾಗ್‌ಪೈ ಗೂಡು ಕಟ್ಟುವ ಕಾಲವೂ ಹೌದು. ಸುಳ್ಳು ಎದುರಾಳಿಯನ್ನು ಓಡಿಸಲು ಹೋದ ಹಕ್ಕಿ ಮೊಟ್ಟೆ ಮರಿಗಳನ್ನು ಬಿಟ್ಟೇ ಹೋಗಿರುತ್ತದೆ.

ಸೆರೆಂದಿಬ್ ಗೂಬೆಯನ್ನು ನೀವಾಗಿ ಹುಡುಕಿ ಕಾಣುವುದು ಬಹಳ ಕಷ್ಟ. ಲಂಕೆಯ ಪಕ್ಷಿತಜ್ಞ ದೀಪಲ್ ವರಕಗೊಡ ಇದರ ದನಿಯನ್ನು 1995ರಲ್ಲೇ ಕೇಳಿದ್ದರು, ಹಕ್ಕಿ ಕಣ್ಣಿಗೆ ಬಿದ್ದದ್ದು 2001ರಲ್ಲಿ, ಹೊಸ ಪ್ರಭೇದವೆಂದು ಹೆಸರಿಟ್ಟದ್ದು 2004ರಲ್ಲಿ. ಗೇಣುದ್ದದ ಕೆಂಗಂದು ಗೂಬೆ ಹಗಲಲ್ಲಿ ಬಿದಿರು ಪೊದೆಯೊಳಗೆ, ಒಂದೆರಡು ಮೀಟರ್ ಎತ್ತರದಲ್ಲಿ ಒಣಗಿದ ಎಲೆಗಳ ನಡುವೆ ಮಲಗಿರುತ್ತದೆ. ಅದು ಕೂರುವ ಜಾಗ ಸ್ಥಳೀಯ ಗೈಡ್‌ಗಳಿಗೆ ಗೊತ್ತು. ಇಬ್ಬರು ಮೂವರಂತೆ ಹೋಗಿ, ಫ್ಲ್ಯಾಶ್ ಇಲ್ಲದೆ ಐದು ನಿಮಿಷದಲ್ಲಿ ಮುಗಿಸಿ ಹಿಂದೆ ಬನ್ನಿ. ಹಗಲಲ್ಲಿ ಮತ್ತೆ ಮತ್ತೆ ಎಬ್ಬಿಸಿದರೆ ಅದು ಆ ಪೊದೆಯನ್ನೇ ಬಿಟ್ಟುಹೋಗುತ್ತದೆ.

ಕಾಡುಪಾಪದ (ಲೋರಿಸ್) ವಿಷಯದಲ್ಲಿ ಕನ್ನಡಿಗರು ವಿಶೇಷ ಎಚ್ಚರ ವಹಿಸಬೇಕು. ತುಮಕೂರಿನ ನಾಗವಳ್ಳಿ ಕಡೆ ಸಿಗುವ ಬೂದು ಕಾಡುಪಾಪ ಲಂಕೆಯ ಒಣಸೀಮೆಯಲ್ಲೂ ಇದೆ. ಸಿಗಿರಿಯಾ ಸುತ್ತ ರಾತ್ರಿ ತೋರಿಸುವುದು ಅದನ್ನೇ. ಲಂಕೆಗಷ್ಟೇ ಸೇರಿದ್ದು ಕೆಂಪು ಕಾಡುಪಾಪ. ತೂಕ ಸುಮಾರು 100ರಿಂದ 170 ಗ್ರಾಂ, ವಾಸ ಮಳೆಸೀಮೆಯಲ್ಲಿ. ಮಾತರ ಬಳಿಯ ಮಸ್‌ಮುಲ್ಲ ಕಾಡು ಇದಕ್ಕೆ ಹೆಸರುವಾಸಿ. ರಾತ್ರಿ ಗೈಡ್ ಮತ್ತು ಅನುಮತಿ ಇಲ್ಲದೆ ಯಾವ ಕಾಡಿಗೂ ಕಾಲಿಡಬೇಡಿ.

ಹುಡುಕಲು ಟಾರ್ಚನ್ನು ಕೈಯಲ್ಲಿ ಹಿಡಿಯದೆ ತಲೆಗೆ ಕಟ್ಟಿಕೊಳ್ಳಿ. ಬೆಳಕು ನಿಮ್ಮ ಕಣ್ಣಿನ ಮಟ್ಟದಿಂದಲೇ ಹೊರಟರೆ ಮಾತ್ರ ಪ್ರಾಣಿಯ ಕಣ್ಣಿನ ಹೊಳಪು ನಿಮ್ಮತ್ತ ಮರಳುತ್ತದೆ. ಕೆಂಪು ಬೆಳಕಿನ ಟಾರ್ಚ್ ಇಲ್ಲದಿದ್ದರೆ ಬೆಳಕು ಹಾಯುವ ಕೆಂಪು ಜಿಲೆಟಿನ್ ಕಾಗದವನ್ನು ಎರಡು ಮಡಿಕೆ ಮಾಡಿ ರಬ್ಬರ್ ಬ್ಯಾಂಡ್ ಹಾಕಿ. ಬಳ್ಳಿ, ಬೆತ್ತ, ಬೆರಳ ದಪ್ಪದ ಕೊಂಬೆಗಳ ಮೇಲೆ ನಿಧಾನ ಬೆಳಕು ಆಡಿಸಿ, ಬರಿಯ ಕಾಂಡವನ್ನು ಬಿಟ್ಟುಬಿಡಿ, ಅದು ಕಾಡುಪಾಪದ ದಾರಿಯಲ್ಲ. ಸಣ್ಣ ಬೆಳ್ಳನೆಯ ಒಂಟಿ ಚುಕ್ಕಿ ಕಂಡರೆ ಅದು ಜೇಡ. ಅಕ್ಕಪಕ್ಕ ಅಂಟಿದಂತಿರುವ ಎರಡು ಕೆಂಡಗಳು ನಿಮ್ಮತ್ತಲೇ ನೆಟ್ಟಿದ್ದರೆ ಅದೇ ಕಾಡುಪಾಪ. ಕೂಡಲೇ ಬೆಳಕಿನ ಅಂಚಷ್ಟೇ ಅದರ ಮೇಲೆ ಬೀಳುವಂತೆ ಸರಿಸಿ. ನೇರ ಬೆಳಕಲ್ಲಿ ಅದು ಬೇಟೆ ನಿಲ್ಲಿಸಿ ಮುಖ ತಿರುಗಿಸುತ್ತದೆ. ಅಂಚಿನ ಬೆಳಕಲ್ಲಿ ಎರಡು ಕೈಯಿಂದ ಹುಳ ಹಿಡಿದು ತಿನ್ನುವುದನ್ನೂ ನೋಡಬಹುದು.

ಅದೇ ಟಾರ್ಚಿನಲ್ಲಿ ನೆಟ್ಟಗಿನ ಸಣ್ಣ ಗಿಡಗಳನ್ನೂ ಗಮನಿಸಿ. ಮೂಗಿನ ಮೇಲೆ ಗುಬುಟು ಇರುವ ಗುಬುಟುಮೂಗಿನ ಓತಿ ಅಲ್ಲಿ ಅಂಟಿಕೊಂಡು ಮಲಗಿರುತ್ತದೆ, ನಿದ್ದೆಯಲ್ಲಿ ಬಣ್ಣ ಪೇಲವ. ಮುಟ್ಟಿ ಎಬ್ಬಿಸಿದರೆ ಬಾಯಿ ತೆರೆದು ಕೆಂಪು ತೋರಿಸುತ್ತದೆ. ಫೋಟೊಗಾಗಿ ಹಾಗೆ ಮಾಡುವವರಿದ್ದಾರೆ, ಅದು ಹೆದರಿಕೆಯ ವರ್ತನೆ, ಖಂಡಿತ ಮಾಡಬೇಡಿ.

ಹಾರ್ಟನ್ ಪ್ಲೇನ್ಸ್ 2,100 ಮೀಟರ್‌ಗೂ ಎತ್ತರದಲ್ಲಿದೆ, ಸ್ವೆಟರ್ ಬೇಕೇ ಬೇಕು. ಲಂಕಾ ಶಿಳ್ಳೆ ಹಕ್ಕಿ ಬೇಕಾದರೆ ಬೆಳಕು ಹರಿಯುವ ಹೊತ್ತಿಗೆ ಅರೆಂಗಾ ಕೊಳದ ಬಳಿ ಇರಿ. ಬಿಸಿಲೇರಿದರೆ ಅದು ಕಾಣುವುದಿಲ್ಲ. ಕೊಂಬುಮೂಗಿನ ಓತಿಯದು ತದ್ವಿರುದ್ಧ. ಚಳಿಯಲ್ಲಿ ಅಡಗಿದ್ದು, ಬಿಸಿಲು ಬಿದ್ದ ಮೇಲೆ ಪಾಚಿ ಹಿಡಿದ ಕಾಂಡಗಳ ಮೇಲೆ ಮೈ ಕಾಯಿಸಲು ಬರುತ್ತದೆ. ಎದೆಮಟ್ಟದ ಕಾಂಡಗಳನ್ನು ಒಂದೊಂದಾಗಿ ನೋಡುತ್ತಾ ಹೋಗಿ.

ಸಾಮಾನಿನಲ್ಲಿ 8x42 ಬೈನಾಕ್ಯುಲರ್ ಸಾಕು, ಇನ್ನೂ ದೊಡ್ಡದಾದರೆ ಕತ್ತಲ ಕಾಡಲ್ಲಿ ಕೈ ನಡುಗುತ್ತದೆ. ಇಂಬಳಕ್ಕೆ (ನೆಲದ ಜಿಗಣೆ) ಮಲೆನಾಡಿನ ಉಪಾಯಗಳೇ ಸಾಕು: ಮೊಣಕಾಲುದ್ದದ ಒತ್ತು ನೇಯ್ಗೆಯ ಕಾಲುಚೀಲ, ಮೇಲೆ ಸೋಪು. ಕಚ್ಚಿದ್ದನ್ನು ಎಳೆಯದೆ ಉಗುರಿನಿಂದ ಬಾಯಿಯನ್ನು ಪಕ್ಕಕ್ಕೆ ಜಾರಿಸಿ. ಏಸಿ ಕೋಣೆಯಿಂದ ಕ್ಯಾಮರಾ ತಂದ ಕೂಡಲೇ ಲೆನ್ಸ್ ಮಂಜಾಗುತ್ತದೆ, ಹಾಗಾಗಿ ಹೊರಡುವ ಒಂದು ಗಂಟೆ ಮೊದಲೇ ಬ್ಯಾಗನ್ನು ಮುಚ್ಚಿದಂತೆಯೇ ಹೊರಗಿಡಿ.

ಗುಬುಟುಮೂಗಿನ, ಕೊಂಬುಮೂಗಿನ ಓತಿಗಳನ್ನು ಸಾಕಲು ಕದ್ದು ಸಾಗಿಸುವ ಜಾಲ ಇದೆ. ಅದಕ್ಕಾಗಿಯೇ 2019ರಲ್ಲಿ ಇವನ್ನು ಕಾಡುಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಪಟ್ಟಿಗೆ ಸೇರಿಸಿದರು. ಓತಿ, ಕಾಡುಪಾಪ, ಗೂಬೆಗಳ ಫೋಟೊ ಹಂಚುವ ಮೊದಲು ಫೋನಿನ ಲೊಕೇಶನ್ ಆಫ್ ಮಾಡಿ, ಹಳ್ಳಿ, ಕಾಲುದಾರಿಯ ಹೆಸರು ಬರೆಯಬೇಡಿ. ಜಿಲ್ಲೆಯ ಹೆಸರು ಹಾಕಿದರೆ ಸಾಕು.