ವರ್ಮಾಂಟಿನ ಮೇಳಗಳಲ್ಲಿ ಕೌದಿ: ನನ್ನ ಅನುಭವ

ಧಾರವಾಡ ಸೀಮೆಯಲ್ಲಿ ಅವ್ವನಿಂದ ಕಲಿತ ಕೌದಿ ಹೊಲಿಗೆಯನ್ನು ನಾನು ಕೆಲವು ವರ್ಷಗಳಿಂದ ಅಮೆರಿಕದ ವರ್ಮಾಂಟ್ ರಾಜ್ಯದಲ್ಲಿ ಮುಂದುವರಿಸಿಕೊಂಡು ಬಂದಿದ್ದೇನೆ ಮತ್ತು ಹೊಲಿದದ್ದನ್ನು ಅಲ್ಲಿನ ಮೇಳಗಳಲ್ಲಿ ಮಾರುತ್ತೇನೆ. ಕೈಕೆಲಸವನ್ನು ಹೊರದೇಶದ ಹಳ್ಳಿಗಾಡಿನಲ್ಲಿ ಮಾರಲು ಹೊರಟ ಕನ್ನಡಿಗರು ಆಗಾಗ ನನ್ನನ್ನು ವಿಚಾರಿಸುವುದುಂಟು. ಅವರಿಗೆ ನಾನು ಹೇಳುವುದು ಇಷ್ಟೇ: ಮಳಿಗೆಗೆ ಬಾಡಿಗೆ ಕಟ್ಟುವುದಕ್ಕೆ ಮೊದಲು ನಿಮ್ಮ ಕೆಲಸವನ್ನು ಕೌಂಟಿ ಫೇರ್ ಎನ್ನುವ ಜಿಲ್ಲಾ ಕೃಷಿ ಮೇಳದ ಸ್ಪರ್ಧೆಗೆ ಇಡಿ. ಅಲ್ಲಿ ಹಣ ಹುಟ್ಟುವುದಿಲ್ಲ, ಆದರೆ ಊರಿನ ಕುಶಲಕರ್ಮಿಗಳು ನಿಮ್ಮನ್ನು ಗುರುತಿಸುವುದು ಅಲ್ಲಿಂದಲೇ.

ಈ ಮಾತಿಗೆ ಕಾರಣ ಆ ರಾಜ್ಯದ ಸ್ವಭಾವದಲ್ಲಿದೆ. 2020ರ ಜನಗಣತಿಯಂತೆ ವರ್ಮಾಂಟಿನ ಜನಸಂಖ್ಯೆ ಸುಮಾರು 6.43 ಲಕ್ಷ. ಅವರಲ್ಲಿ ಶೇ. 65ರಷ್ಟು ಮಂದಿ ಗ್ರಾಮೀಣ ಪ್ರದೇಶದಲ್ಲಿದ್ದಾರೆ, ಇದು ಅಮೆರಿಕದ ರಾಜ್ಯಗಳಲ್ಲೇ ಅತಿ ಹೆಚ್ಚಿನ ಪ್ರಮಾಣ. ರಾಜಧಾನಿ ಮಾಂಟ್‌ಪೀಲಿಯರ್‌ನಲ್ಲಿ ಇರುವವರು ಸುಮಾರು ಎಂಟು ಸಾವಿರ ಜನ ಮಾತ್ರ. ರಸ್ತೆ ಬದಿಯ ದೊಡ್ಡ ಜಾಹೀರಾತು ಫಲಕಗಳನ್ನು ಆ ರಾಜ್ಯ 1968ರ ಕಾನೂನಿನಿಂದಲೇ ನಿಷೇಧಿಸಿರುವುದರಿಂದ ಮೇಳದ ಸುದ್ದಿ ಹರಡುವುದು ಊರಂಗಡಿಯ ಬಾಗಿಲಿಗೆ ಅಂಟಿಸಿದ ಕಾಗದದಿಂದ, ಅಂಚೆ ಕಚೇರಿಯ ಸೂಚನಾ ಫಲಕದಿಂದ, ಎಲ್ಲಕ್ಕಿಂತ ಹೆಚ್ಚಾಗಿ ಬಾಯಿಂದ ಬಾಯಿಗೆ. ಇಂತಹ ಕಡೆ ಅಪರಿಚಿತರ ಮಳಿಗೆಯ ಮುಂದೆ ಜನ ಸೌಜನ್ಯದಿಂದ ನಿಂತು ನೋಡಿ ಮುಂದೆ ಹೋಗುತ್ತಾರೆ. ಪರಿಚಿತರ ಮಳಿಗೆಗೆ ನೆರೆಯವರನ್ನೂ ಕರೆದುಕೊಂಡು ಬರುತ್ತಾರೆ.

ವರ್ಮಾಂಟಿನ ಕೃಷಿ ಮೇಳಗಳು ಹಳೆಯವು. ಟನ್‌ಬ್ರಿಜ್ ಎಂಬ ಸಣ್ಣ ಊರಿನ ಮೇಳ 1867ರಲ್ಲಿ ಆರಂಭವಾದದ್ದು, ಇಂದಿಗೂ ಸೆಪ್ಟೆಂಬರಿನಲ್ಲಿ ನಡೆಯುತ್ತದೆ ಮತ್ತು ಅದರ ಹೆಸರಿನಲ್ಲೇ 'ವಿಶ್ವ ಮೇಳ' ಎಂಬ ಮಾತಿದೆ. ಆಡಿಸನ್ ಕೌಂಟಿಯ ಮೇಳ ಆಗಸ್ಟಿನಲ್ಲಿ ನ್ಯೂ ಹೇವನ್ ಎಂಬಲ್ಲಿ, ಕ್ಯಾಲಿಡೋನಿಯಾ ಕೌಂಟಿಯದು ಲಿಂಡನ್‌ವಿಲ್‌ನಲ್ಲಿ, ಆರ್ಲಿಯನ್ಸ್ ಕೌಂಟಿಯದು ಬಾರ್ಟನ್‌ನಲ್ಲಿ ಜರುಗುತ್ತವೆ. ಎತ್ತುಗಳು ಭಾರ ಎಳೆಯುವ ಪಂದ್ಯ, ಹಾಲು ಹಿಂಡುವ ಹಸುಗಳ ಪ್ರದರ್ಶನ, ಟ್ರ್ಯಾಕ್ಟರ್ ಜಗ್ಗಾಟ, ತಿರುಗುವ ತೊಟ್ಟಿಲು, ಎಣ್ಣೆಯಲ್ಲಿ ಕರಿದ ಹಿಟ್ಟಿನ ತಿನಿಸು, ಇವೆಲ್ಲ ಹೊರಗಿನ ಬಯಲಿನಲ್ಲಿ ಇರುತ್ತವೆ. ಒಳಗಿನ ಸಭಾಂಗಣದಲ್ಲಿ ಕುಂಬಳಕಾಯಿ, ಜಾಮ್ ಸೀಸೆಗಳು, ಮೇಪಲ್ ಪಾಕ, ಹೆಣೆದ ಉಣ್ಣೆಬಟ್ಟೆ ಮತ್ತು ಕ್ವಿಲ್ಟ್ ಎಂಬ ತೇಪೆಹೊದಿಕೆಗಳನ್ನು ಸಾಲಾಗಿ ಜೋಡಿಸಿ, ಪ್ರತಿಯೊಂದಕ್ಕೂ ಚೀಟಿ ಕಟ್ಟಿ, ತೀರ್ಪುಗಾರರ ಮುಂದೆ ಇಡುತ್ತಾರೆ. ನಮ್ಮ ಕಡೆಯ ಜಾತ್ರೆಯಲ್ಲಿ ದನಗಳ ಪರಿಷೆಗೆ ಇರುವ ಗಾಂಭೀರ್ಯ ಅಲ್ಲಿ ಹೊದಿಕೆಗೂ ಜಾಮಿಗೂ ಇದೆ ಎಂಬುದನ್ನು ಕಂಡು ನನಗೆ ನಿಜಕ್ಕೂ ಸಂತೋಷವಾಯಿತು.

ನಮ್ಮ ಕೌಂಟಿಯ ಮೇಳದಲ್ಲಿ ಕ್ವಿಲ್ಟ್ ವಿಭಾಗಕ್ಕೆ ಹಲವು ತರಗತಿಗಳಿದ್ದವು: ಕೈಯಲ್ಲಿ ಹೊಲಿದದ್ದು, ಯಂತ್ರದಲ್ಲಿ ಹೊಲಿದದ್ದು, ಮಗುವಿನ ಹೊದಿಕೆ, ಗೋಡೆಗೆ ತೂಗುವಂಥದ್ದು. ಕೌದಿಗೆ ಅವುಗಳಲ್ಲಿ ಯಾವುದೂ ಸರಿಹೊಂದುತ್ತಿರಲಿಲ್ಲ. ಅಮೆರಿಕದ ಕ್ವಿಲ್ಟಿಗೆ ಮೂರು ಪದರ ಇರುತ್ತದೆ. ಬಟ್ಟೆಯ ತುಂಡುಗಳನ್ನು ಮೊದಲೇ ಒಂದಕ್ಕೊಂದು ಜೋಡಿಸಿ ಮೇಲಿನ ಹಾಸನ್ನು ತಯಾರಿಸಿ, ನಡುವೆ ಹತ್ತಿಯ ಇಲ್ಲವೇ ಪಾಲಿಯೆಸ್ಟರಿನ ತೆಳು ಹಾಸು ಇಟ್ಟು, ಕೆಳಗೊಂದು ಬಟ್ಟೆ ಹಾಕಿ, ಮೂರನ್ನೂ ಕೂಡಿಸಿ ಹೊಲಿಯುತ್ತಾರೆ. ನಾವು ಹಾಗೆ ಮಾಡುವುದಿಲ್ಲ. ಹಳೆಯ ಸೀರೆಗಳನ್ನು ಮಡಿಸಿ ನೆಲದ ಮೇಲೆ ಹಾಸಿ, ತುಂಡುಗಳನ್ನು ಅದರ ಮೇಲಿಟ್ಟು, ಅಂಚಿನಿಂದ ಆರಂಭಿಸಿ ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತೇವೆ. ತುಂಡನ್ನು ಕೂರಿಸುವುದೂ ಪದರಗಳನ್ನು ಹಿಡಿದಿಡುವುದೂ ಒಂದೇ ದಾರದ ಕೆಲಸ. ವಿಭಾಗವನ್ನು ನೋಡಿಕೊಳ್ಳುವ ಹಿರಿಯ ಮಹಿಳೆ ನನ್ನ ಕೌದಿಯನ್ನು ತಿರುಗಿಸಿ, ಹಿಂಬದಿಯ ಹೊಲಿಗೆಯನ್ನು ಬೆರಳಿನಿಂದ ಸವರಿ, "ಒಳಗೆ ಹತ್ತಿಯೇ ಇಲ್ಲದೆ ಇಷ್ಟು ತೂಕ ಹೇಗೆ ಬಂತು?" ಎಂದು ಕೇಳಿದರು. ನಾನು ವಿವರಿಸಿದ ಮೇಲೆ ಅದನ್ನು 'ಇತರ ಕೈಹೊಲಿಗೆ' ಎಂಬ ತರಗತಿಯಲ್ಲಿ ದಾಖಲಿಸಿಕೊಂಡರು.

ತೀರ್ಪಿನ ಕ್ರಮವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ನನಗೆ ಅತ್ಯಂತ ಉಪಯೋಗವಾದದ್ದು ಅದೇ. ಕೆಲವು ಕಡೆ ಒಂದು ತರಗತಿಗೆ ಒಬ್ಬರೇ ಪ್ರಥಮ, ಒಬ್ಬರೇ ದ್ವಿತೀಯ. ಇನ್ನು ಕೆಲವು ಕಡೆ, ವಿಶೇಷವಾಗಿ 4-ಎಚ್ ಎಂಬ ಮಕ್ಕಳ ಸಂಘಟನೆಯ ಸ್ಪರ್ಧೆಗಳಲ್ಲಿ, ಡ್ಯಾನಿಶ್ ಪದ್ಧತಿಯನ್ನು ಅನುಸರಿಸುತ್ತಾರೆ. ಅದರಂತೆ ಒಬ್ಬರ ಕೆಲಸವನ್ನು ಇನ್ನೊಬ್ಬರದರ ಜೊತೆ ಹೋಲಿಸದೆ, ಪ್ರತಿಯೊಂದನ್ನೂ ನಿಗದಿಯಾದ ಮಟ್ಟಕ್ಕೆ ಹಿಡಿದು ನೋಡಿ, ಮಟ್ಟ ಮುಟ್ಟಿದವರಿಗೆಲ್ಲ ನೀಲಿ ರಿಬ್ಬನ್, ಸ್ವಲ್ಪ ಕಡಿಮೆಯಾದವರಿಗೆ ಕೆಂಪು, ಅದರ ನಂತರದವರಿಗೆ ಬಿಳಿ ಕೊಡುತ್ತಾರೆ. ಬಹುಮಾನದ ಹಣ ಕೆಲವೇ ಡಾಲರುಗಳು. ಆದರೆ ತೀರ್ಪುಗಾರರು ಚೀಟಿಯ ಮೇಲೆ ಬರೆದುಕೊಡುವ ಟಿಪ್ಪಣಿಗೆ ಬೆಲೆ ಕಟ್ಟಲಾಗದು. ಹೊಲಿಗೆಗಳ ನಡುವಿನ ಅಂತರ ಮೊದಲಿನಿಂದ ಕೊನೆಯವರೆಗೆ ಒಂದೇ ಸಮ ಇದೆಯೇ, ಮೂಲೆಗಳು ಚೌಕವಾಗಿವೆಯೇ, ಅಂಚಿನ ಪಟ್ಟಿ ಒಳಗೆ ಟೊಳ್ಳಾಗದೆ ತುಂಬಿದೆಯೇ, ತೂಗುಹಾಕಿದಾಗ ಬಟ್ಟೆ ಅಲೆಯಾಗುತ್ತದೆಯೇ, ಬಣ್ಣ ಒಂದರಿಂದ ಇನ್ನೊಂದಕ್ಕೆ ಹತ್ತಿದೆಯೇ, ಇವೆಲ್ಲವನ್ನೂ ಅವರು ಪರೀಕ್ಷಿಸುತ್ತಾರೆ. ನನ್ನ ಕೌದಿಗೆ ಕೆಂಪು ರಿಬ್ಬನ್ ಬಂತು. ಹೊಲಿಗೆಯ ಸಮತೆಯನ್ನು ಮೆಚ್ಚಿ, ಎರಡು ಅಂಚುಗಳ ಉದ್ದದಲ್ಲಿರುವ ವ್ಯತ್ಯಾಸವನ್ನು ಸೂಚಿಸಿದ್ದರು. ಮನೆಯಲ್ಲಿ ಹೊದೆಯುವ ಕೌದಿಯಲ್ಲಿ ಅಂಚು ತುಸು ವಾರೆಯಾದರೆ ಯಾರೂ ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ. ಗೋಡೆಗೆ ತೂಗುವವರಿಗೆ ಮಾರಬೇಕೆಂದರೆ ಅದು ಮುಖ್ಯ. ಅಂದಿನಿಂದ ನಾನು ಸೀರೆಯ ಪದರಗಳನ್ನು ಹಾಸಿದ ಕೂಡಲೇ ನಾಲ್ಕೂ ಅಂಚುಗಳನ್ನೂ ಎರಡು ಕರ್ಣಗಳನ್ನೂ ಟೇಪಿನಿಂದ ಅಳೆದು, ಸೀಮೆಸುಣ್ಣದಲ್ಲಿ ಗೆರೆ ಎಳೆದುಕೊಂಡೇ ಸೂಜಿ ಹಿಡಿಯುತ್ತೇನೆ.

ಆ ಸಭಾಂಗಣದಲ್ಲಿ ಇನ್ನೊಂದು ಸಂಗತಿಯೂ ನಡೆಯಿತು. ಕ್ವಿಲ್ಟ್ ಹೊಲಿಯುವ ಕೆಲವು ಮಹಿಳೆಯರು ಬಂದು, ಇದು 'ಕವಂದಿ'ಯೇ ಎಂದು ಕೇಳಿದರು. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಮಹಿಳೆಯರ ಕೌದಿಗಳು ಅಮೆರಿಕದ ವಸ್ತುಸಂಗ್ರಹಾಲಯಗಳಲ್ಲಿ ಪ್ರದರ್ಶನಗೊಂಡ ನಂತರ ಆ ಹೆಸರು ಅಲ್ಲಿನ ಹೊಲಿಗೆಯವರಲ್ಲಿ ಸಾಕಷ್ಟು ಪ್ರಚಾರದಲ್ಲಿದೆ. ನಾನು ಸಿದ್ದಿ ಸಮುದಾಯದವಳಲ್ಲ. ಅವರ ಕೌದಿಗೆ ಅದರದೇ ಆದ ಬಣ್ಣಗಳ ಧೈರ್ಯವಿದೆ, ಮೂಲೆಗಳಲ್ಲಿ ಹೂವಿನಂತೆ ಮಡಿಸಿ ಕೂರಿಸುವ ತುಂಡುಗಳಿವೆ. ಆದ್ದರಿಂದ ಕೇಳಿದವರಿಗೆಲ್ಲ ನನ್ನದು ಬಯಲುಸೀಮೆಯ ಮನೆಗಳ ಕೌದಿಯೆಂದೂ, ಸಿದ್ದಿಯರದು ಅದರ ನೆರೆಯ ಪರಂಪರೆಯೆಂದೂ ಹೇಳುತ್ತೇನೆ, ಮಳಿಗೆಯ ಫಲಕದಲ್ಲೂ ಹಾಗೆಯೇ ಬರೆದಿದ್ದೇನೆ. ಬೇರೆಯವರ ಹೆಸರಿನಿಂದ ನಾಲ್ಕು ಹೆಚ್ಚು ಮಾರಾಟವಾಗಬಹುದು, ಆದರೆ ಅದು ಅವರಿಗೆ ಸಲ್ಲಬೇಕಾದದ್ದು.

ಕೌಂಟಿ ಮೇಳದಲ್ಲಿ ಮಾರಾಟದ ಮಳಿಗೆಯನ್ನು ನಾನು ಹಾಕುವುದಿಲ್ಲ. ಅಲ್ಲಿ ಮೇಳ ನಡೆಯುವಷ್ಟು ದಿನವೂ ಬೆಳಗಿನಿಂದ ರಾತ್ರಿಯವರೆಗೆ ಮಳಿಗೆ ತೆರೆದಿರಬೇಕು. ಬರುವ ಕುಟುಂಬಗಳು ಮಕ್ಕಳನ್ನು ಆಡಿಸಲು, ದನಗಳನ್ನು ನೋಡಲು, ತಿನ್ನಲು ಹಣ ಇಟ್ಟುಕೊಂಡು ಬಂದವರೇ ಹೊರತು ನೂರಾರು ಡಾಲರಿನ ಹೊದಿಕೆಯನ್ನು ಹೊತ್ತು ತಿರುಗುವವರಲ್ಲ. ಮಾರಾಟಕ್ಕೆ ಇರುವ ಜಾಗ ಆಯ್ಕೆ ಸಮಿತಿಯುಳ್ಳ ಕರಕುಶಲ ಮೇಳಗಳು. ಇವುಗಳಲ್ಲಿ ಹೆಚ್ಚಿನವು ಬೇಸಿಗೆಯಲ್ಲಿ ಮತ್ತು ಎಲೆಗಳು ಕೆಂಪಾಗುವ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮಧ್ಯದವರೆಗಿನ ವಾರಾಂತ್ಯಗಳಲ್ಲಿ ನಡೆಯುತ್ತವೆ, ಆಗ ಬಾಸ್ಟನ್ ಮತ್ತು ನ್ಯೂಯಾರ್ಕ್ ಕಡೆಯಿಂದ ಜನ ಬೆಟ್ಟ ನೋಡಲು ಬರುತ್ತಾರೆ. ಅರ್ಜಿಯ ಜೊತೆ ಕೆಲಸದ ನಾಲ್ಕೈದು ಛಾಯಾಚಿತ್ರಗಳನ್ನೂ ಸಜ್ಜಾದ ಮಳಿಗೆಯ ಒಂದು ಚಿತ್ರವನ್ನೂ ಕೇಳುತ್ತಾರೆ. ಅರ್ಜಿ ಶುಲ್ಕ ಬೇರೆ, ಜಾಗದ ಬಾಡಿಗೆ ಬೇರೆ, ಅನೇಕ ಕಡೆ ಹೊಣೆಗಾರಿಕೆ ವಿಮೆಯ ಪತ್ರವೂ ಬೇಕು. ಕೌದಿಯ ಛಾಯಾಚಿತ್ರ ತೆಗೆಯುವವರಿಗೆ ಒಂದು ಸೂಚನೆ: ಎದುರಿನಿಂದ ಬೆಳಕು ಬಿದ್ದರೆ ಹೊಲಿಗೆಯೇ ಕಾಣುವುದಿಲ್ಲ. ಕಿಟಕಿಯ ಬೆಳಕು ಪಕ್ಕದಿಂದ ಬೀಳುವಂತೆ ತೂಗುಹಾಕಿದರೆ ಸಾಲು ಸಾಲಾಗಿ ಎದ್ದ ಬಟ್ಟೆಯ ಏರಿಳಿತ ಸ್ಪಷ್ಟವಾಗಿ ಮೂಡುತ್ತದೆ, ಸಮಿತಿಯವರು ನೋಡುವುದು ಅದನ್ನೇ.

ಮಳಿಗೆಯೆಂದರೆ ಸಾಮಾನ್ಯವಾಗಿ ಹತ್ತಡಿ ಉದ್ದ, ಹತ್ತಡಿ ಅಗಲದ ಬಿಳಿಯ ಗುಡಾರ. ಬೆಟ್ಟದ ಗಾಳಿಗೆ ಅದು ಹಾರದಂತೆ ಒಂದೊಂದು ಕಾಲಿಗೂ ಸುಮಾರು 18 ಕಿಲೋ ತೂಕ ಕಟ್ಟಬೇಕು. ನಾನು ಪಿವಿಸಿ ಕೊಳವೆಗಳಲ್ಲಿ ಕಾಂಕ್ರೀಟ್ ತುಂಬಿಸಿಟ್ಟುಕೊಂಡಿದ್ದೇನೆ. ಅಕ್ಟೋಬರಿನಲ್ಲಿ ಗಾಳಿಗಿಂತ ಹೆಚ್ಚು ಕಾಡುವುದು ಇಬ್ಬನಿ. ಐದಾರು ಪದರದ ಹತ್ತಿ ರಾತ್ರಿಯ ತೇವವನ್ನು ಹೀರಿಕೊಂಡರೆ ಬೆಳಿಗ್ಗೆ ಭಾರವಾಗಿ ಜೋಲುತ್ತದೆ, ವಾಸನೆಯೂ ಬರುತ್ತದೆ. ಆದ್ದರಿಂದ ಎರಡು ದಿನದ ಮೇಳವಾದರೂ ಸಂಜೆ ಎಲ್ಲ ಕೌದಿಗಳನ್ನೂ ಇಳಿಸಿ, ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಗಳಲ್ಲಿಟ್ಟು ವಾಹನಕ್ಕೆ ಏರಿಸಿಯೇ ಮಲಗಲು ಹೋಗುವುದು.

ತೆರಿಗೆಯ ವಿಷಯವನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ವರ್ಮಾಂಟಿನಲ್ಲಿ ಮಾರಾಟ ತೆರಿಗೆ ಶೇ. 6, ತೊಡುವ ಬಟ್ಟೆಗೆ ವಿನಾಯಿತಿ ಇದೆ. ಆದ್ದರಿಂದ ಕೌದಿಗೆ ತೆರಿಗೆ ವಸೂಲು ಮಾಡಬೇಕು, ಕೌದಿಯ ಹೊಲಿಗೆಯಲ್ಲೇ ಮಾಡಿದ ತೋಳಿಲ್ಲದ ಅಂಗಿಗೆ ಮಾಡಬೇಕಾಗಿಲ್ಲ. ಲೇಬಲ್ಲಿನ ವಿಷಯ ಇದಕ್ಕಿಂತ ಮುಖ್ಯ. ಬಟ್ಟೆಯಲ್ಲಿ ಯಾವ ನಾರು ಎಷ್ಟು ಪಾಲು ಇದೆ, ಯಾವ ದೇಶದಲ್ಲಿ ತಯಾರಾಯಿತು, ಯಾರು ತಯಾರಿಸಿದರು ಎಂಬುದನ್ನು ಹಾಸಿಗೆ ಹೊದಿಕೆಗಳ ಮೇಲೂ ನಮೂದಿಸಬೇಕೆಂದು ಒಕ್ಕೂಟ ಸರ್ಕಾರದ ಕಾನೂನು ಹೇಳುತ್ತದೆ. ಹಳೆಯ ಸೀರೆಯಲ್ಲಿ ರೇಷ್ಮೆ ಎಷ್ಟು, ರೇಯಾನ್ ಎಷ್ಟು ಎಂದು ಹೇಳುವವರು ಯಾರು? ಆದರೆ ಬಳಸಿದ ಬಟ್ಟೆಯ ತುಂಡುಗಳಿಂದ ಮಾಡಿದ, ನಾರು ಯಾವುದೆಂದು ಗೊತ್ತುಮಾಡಲಾಗದ ವಸ್ತುಗಳಿಗೆ, ಅದು ನಿಜವಾಗಿದ್ದಲ್ಲಿ, 'ಬಗೆಬಗೆಯ ತುಂಡುಗಳಿಂದ ಮಾಡಿದ್ದು, ನಾರು ತಿಳಿಯದು' ಎಂದು ಬರೆಯಲು ಅದೇ ನಿಯಮ ಅವಕಾಶ ಕೊಟ್ಟಿದೆ. ಇಳಕಲ್ ಸೀರೆಗಳ ಕೌದಿಗೆ ಇದು ದೊಡ್ಡ ಅನುಕೂಲ.

ಕಾನೂನು ಕೇಳದಿದ್ದರೂ ನಾನೇ ಬಿಟ್ಟ ಒಂದು ಪದ್ಧತಿಯಿದೆ. ನಮ್ಮ ಮನೆಯಲ್ಲಿ ಅವ್ವ ಕೌದಿಯ ಕೊನೆಯ ತುಂಡನ್ನು ಮುಚ್ಚುವ ಮೊದಲು ಅದರ ಹೊಟ್ಟೆ ಬರಿದಾಗಿರಬಾರದೆಂದು ಒಂದು ಚೂರು ಜೋಳದ ರೊಟ್ಟಿ ಇಡುತ್ತಿದ್ದಳು. ಮಾರುವ ಕೌದಿಯಲ್ಲಿ ಹುಳ ಹಿಡಿಯುವ ಪದಾರ್ಥ ಇಡುವಂತಿಲ್ಲ. ಅದರ ಬದಲು ಸಣ್ಣದೊಂದು ಹಳದಿ ಬಟ್ಟೆಯ ಚೂರನ್ನು ಒಳಗಿಟ್ಟು ಮುಚ್ಚುತ್ತೇನೆ, ಕೊಳ್ಳುವವರಿಗೆ ಅದರ ಕಥೆ ಹೇಳುತ್ತೇನೆ.

ಬೆಲೆಯ ಬಗ್ಗೆ ಅವ್ವನಿಗೆ ಇಂದಿಗೂ ಸಮಾಧಾನವಿಲ್ಲ. "ಹಳೇ ಸೀರಿ ಕೌದಿಗೆ ಇಷ್ಟ ರೊಕ್ಕಾ ಕೊಡತಾರೇನ ಮಗಳ?" ಎಂದು ಫೋನಿನಲ್ಲಿ ಕೇಳುತ್ತಾಳೆ. ಕೊಡುತ್ತಾರೆ, ಆದರೆ ಎಲ್ಲರೂ ಅಲ್ಲ. ದೊಡ್ಡ ಕೌದಿ ಜನರನ್ನು ಗುಡಾರದೊಳಗೆ ಕರೆಯುತ್ತದೆ. ಹೆಚ್ಚು ಮಾರಾಟವಾಗುವುದು ಮಗುವಿನ ಕೌದಿ, ದಿಂಬಿನ ಗವಸು ಮತ್ತು ಮೇಜಿನ ಹಾಸು. ಮೇಳದಲ್ಲಿ ಸುಮ್ಮನೆ ಕೂರದೆ ತೊಡೆಯ ಮೇಲೊಂದು ಕೌದಿ ಹರಡಿಕೊಂಡು ಹೊಲಿಯುತ್ತಿದ್ದರೆ ಮಾತು ತಾನಾಗಿಯೇ ಆರಂಭವಾಗುತ್ತದೆ. ಬೆಲೆ ಇಳಿಸಿ ಕೂಗುವುದನ್ನು ಅಲ್ಲಿನ ಕುಶಲಕರ್ಮಿಗಳು ಮಾಡುವುದಿಲ್ಲ, ನಾನೂ ಮಾಡುವುದಿಲ್ಲ, ಏಕೆಂದರೆ ಒಬ್ಬರು ಬೆಲೆ ಇಳಿಸಿದರೆ ಸಾಲಿನಲ್ಲಿರುವ ಎಲ್ಲ ಕೈಹೊಲಿಗೆಯವರಿಗೂ ಹೊಡೆತ ಬೀಳುತ್ತದೆ.

ಕೌಂಟಿ ಮೇಳದ ಪರಿಚಯ ಫಲ ಕೊಟ್ಟದ್ದು ನಾನು ನಿರೀಕ್ಷಿಸದ ರೀತಿಯಲ್ಲಿ. ಸಭಾಂಗಣದಲ್ಲಿ ಕೌದಿ ನೋಡಿದ್ದ ಒಬ್ಬ ರೈತ ಮಹಿಳೆ, ತೀರಿಕೊಂಡ ತನ್ನ ತಂದೆಯ ಫ್ಲಾನೆಲ್ ಅಂಗಿಗಳ ಚೀಲವನ್ನು ಹಿಡಿದುಕೊಂಡು ಚಳಿಗಾಲದಲ್ಲಿ ನಮ್ಮ ಮನೆಗೆ ಬಂದರು. ಕತ್ತರಿಸಿ ಎಸೆಯಲಾಗದ, ತೊಡಲೂ ಆಗದ ಬಟ್ಟೆಗಳವು. ಹಳೆಯ ಬಟ್ಟೆಯಲ್ಲೇ ಹುಟ್ಟುವ ಹೊದಿಕೆಯೊಂದಿದೆ ಎಂದು ಅವರು ತಿಳಿದದ್ದು ಮೇಳದಲ್ಲಿ. ಫ್ಲಾನೆಲ್ ಸೀರೆಯಂತೆ ಜಾರುವುದಿಲ್ಲ, ಆದರೆ ದಪ್ಪ. ಮೂರು ಪದರಕ್ಕೇ ಸೂಜಿ ಬಿಗಿಯುತ್ತದೆ. ಹಾಗಾಗಿ ಕೆಳಗೆ ತೆಳುವಾದ ಹತ್ತಿ ಸೀರೆಯ ಎರಡು ಪದರ, ಮೇಲೆ ಅಂಗಿಯ ತುಂಡುಗಳು ಎಂಬ ಕ್ರಮಕ್ಕೆ ಬಂದೆ. ಜೇಬುಗಳನ್ನು ಬಿಚ್ಚದೆ ಹಾಗೆಯೇ ಉಳಿಸಿದೆ, ಗುಂಡಿಗಳನ್ನು ತೆಗೆದು ಬೇರೆಯಾಗಿ ಕೊಟ್ಟೆ. ಆ ಕೌದಿಯನ್ನು ಅವರು ಮರುವರ್ಷದ ಮೇಳದಲ್ಲಿ ಮಾರಾಟಕ್ಕಲ್ಲದ ವಸ್ತುವಾಗಿ ತೂಗುಹಾಕಲು ಕೊಟ್ಟರು. ಈಗ ನನ್ನ ಚಳಿಗಾಲದ ಕೆಲಸದ ಬಹುಪಾಲು ಹೀಗೆ ಜನ ತಾವೇ ಬಟ್ಟೆ ತಂದು ಹೇಳಿ ಮಾಡಿಸುವ ಕೌದಿಗಳೇ. ಇವುಗಳಿಗೆ ಮಳಿಗೆ ಬಾಡಿಗೆಯೂ ಇಲ್ಲ, ಇಬ್ಬನಿಯ ಭಯವೂ ಇಲ್ಲ.

ನವೆಂಬರ್ ಕೊನೆಯಿಂದ ಕ್ರಿಸ್‌ಮಸ್‌ವರೆಗೆ ಚರ್ಚುಗಳ ನೆಲಮಾಳಿಗೆಯಲ್ಲಿ, ಶಾಲೆಗಳ ಆಟದ ಸಭಾಂಗಣದಲ್ಲಿ ಸಣ್ಣ ಮಾರುಕಟ್ಟೆಗಳು ನಡೆಯುತ್ತವೆ. ಮೇಜಿನ ಬಾಡಿಗೆ ಕಡಿಮೆ, ಬರುವವರು ಊರಿನವರೇ, ಕೊಳ್ಳುವುದು ಚಿಕ್ಕ ಉಡುಗೊರೆಗಳನ್ನು. ಹೊಸಬರು ಮಾರಾಟವನ್ನು ಇಲ್ಲಿಂದ ಆರಂಭಿಸುವುದು ಒಳ್ಳೆಯದು. ಬೇಸಿಗೆಯ ದೊಡ್ಡ ಮೇಳಗಳ ಅರ್ಜಿ ಚಳಿಗಾಲದಲ್ಲೇ ತೆರೆದು, ಅನೇಕವು ಮಾರ್ಚಿನೊಳಗೆ ಮುಗಿಯುವುದರಿಂದ ಛಾಯಾಚಿತ್ರಗಳು ಜನವರಿಗೆ ಸಿದ್ಧವಿರಬೇಕು. ಕೌಂಟಿ ಮೇಳದ ಸ್ಪರ್ಧೆಯ ನಿಯಮ ಪುಸ್ತಿಕೆಯೂ ಮೇಳಕ್ಕೆ ಸಾಕಷ್ಟು ಮೊದಲೇ ಸಿಗುತ್ತದೆ. ಅದರಲ್ಲಿ ನಿಮ್ಮ ಕೆಲಸಕ್ಕೆ ತರಗತಿ ಕಾಣಿಸದಿದ್ದರೆ ವಿಭಾಗದ ಮೇಲ್ವಿಚಾರಕರಿಗೆ ನೇರವಾಗಿ ಫೋನ್ ಮಾಡಿ ಕೇಳಿ. ನಮ್ಮ ಕೌಂಟಿಯ ಪುಸ್ತಿಕೆಯಲ್ಲಿ ಈಗ 'ಹತ್ತಿಯ ಹಾಸಿಲ್ಲದ, ಪದರ ಬಟ್ಟೆಯ ಕೈಹೊಲಿಗೆ ಹೊದಿಕೆ' ಎಂಬ ಸಾಲು ಸೇರಿದೆ, ಮತ್ತು ಕಳೆದ ಮೇಳದಲ್ಲಿ ಆ ತರಗತಿಗೆ ಬಂದ ಹೊದಿಕೆಗಳಲ್ಲಿ ಹೆಚ್ಚಿನವು ನನ್ನವಾಗಿರಲಿಲ್ಲ.