ಕಸದ ಡಬ್ಬಿಯಲ್ಲಿ ಹೋದ ಅಂಕ

ಮಂಗಳೂರಿನ ಒಂದು ಹೋಟೆಲಿನಲ್ಲಿ ಒಂಬತ್ತು ವರ್ಷದಿಂದ ಅಡುಗೆ ಮಾಡುತ್ತಿದ್ದೇನೆ. ದೇಶದ ಶೆಫ್ ತಂಡಕ್ಕೆ ಆಯ್ಕೆ ಇದೆ, ಗೆದ್ದವರು ವಿದೇಶದ ಸ್ಪರ್ಧೆಗೆ ಹೋಗುತ್ತಾರೆ ಎಂದು ನಮ್ಮ ದೊಡ್ಡ ಶೆಫ್ ಹೇಳಿದಾಗ ನಗು ಬಂತು. ಆದರೆ ಅವರು ಬಿಡುವ ಜನ ಅಲ್ಲ. 1900ರಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ ಶುರುವಾಗಿ ಈಗಲೂ ನಾಲ್ಕು ವರ್ಷಕ್ಕೊಮ್ಮೆ ಜರ್ಮನಿಯಲ್ಲಿ ನಡೆಯುವ ಅಡುಗೆ ಒಲಿಂಪಿಕ್ಸ್‌ನ ಕತೆ ಹೇಳಿ ಹೇಳಿ ನನ್ನ ತಲೆ ಕೆಡಿಸಿದರು. ಹೆಸರು ಕೊಟ್ಟೆ.

ಆಯ್ಕೆಯ ಸ್ಪರ್ಧೆಯಲ್ಲಿ ಒಂದು ಗಂಟೆಯಲ್ಲಿ ಒಂದೇ ಅಡುಗೆ, ಎರಡು ಪ್ಲೇಟ್. ಅರ್ಧದಷ್ಟು ಅಂಕ ರುಚಿಗೇ. ಉಳಿದದ್ದು ತಯಾರಿ, ಶುಚಿ, ಕೈಕೆಲಸ, ಪ್ಲೇಟಿನ ಅಂದ. ನಾನು ಅಂಜಲ್ ಮೀನಿನ ಪುಳಿಮುಂಚಿ, ಅಂದರೆ ನಮ್ಮ ಕಡೆಯ ಹುಳಿ-ಖಾರದ ಸಾರು, ಜೊತೆಗೆ ಮಟ್ಟುಗುಳ್ಳ ಬದನೆ ಎಂದು ಬರೆದುಕೊಟ್ಟೆ.

ಕಷ್ಟ ಶುರುವಾದದ್ದು ರೆಸಿಪಿ ಬರೆಯುವಾಗ. ಎಲ್ಲವೂ ಗ್ರಾಂ ಲೆಕ್ಕದಲ್ಲಿ ಬೇಕು. ನನ್ನ ಪುಳಿಮುಂಚಿ ಅಮ್ಮನದ್ದು, ಅಮ್ಮನದ್ದೋ ಬರೀ ಅಂದಾಜು. ಹೋಟೆಲಿನ ತಕ್ಕಡಿ ಮನೆಗೆ ತಂದೆ. "ಎಂಥ ಮಾರಾಯ, ಕೊತ್ತಂಬರಿ ತೂಗಿ ಹಾಕುವುದಾ?" ಎಂದು ಅಮ್ಮ ನಕ್ಕರು. ಮುಷ್ಟಿ ತುಂಬಿ ತಕ್ಕಡಿಗೆ ಸುರಿದರು, 22 ಗ್ರಾಂ. ಇನ್ನೊಮ್ಮೆ ಸುರಿಯಲು ಹೇಳಿದೆ, 23. ಮತ್ತೊಮ್ಮೆ, 22. ನಾನು ಸುಮ್ನೆ ಬರೆದುಕೊಂಡೆ.

ಗುಳ್ಳವೂ ಆಟ ಆಡಿಸಿತು. ಉಡುಪಿಯ ಮಟ್ಟುವಿನ ಈ ಬದನೆಗೆ 2011ರಲ್ಲಿ ಜಿಐ ಟ್ಯಾಗ್, ಅಂದರೆ ಆ ಊರಿನದ್ದೇ ಬೆಳೆ ಎಂಬ ಗುರುತು, ಸಿಕ್ಕಿದೆ. ಸಿಪ್ಪೆ ತೆಳು, ಒಂದು ನಿಮಿಷ ಜಾಸ್ತಿ ಬೆಂದರೂ ಕರಗಿ ಹೋಗುತ್ತದೆ. ಕೊದ್ದೆಲಿಗೆ, ಅಂದರೆ ನಮ್ಮ ಕಡೆಯ ಸಾಂಬಾರಿಗೆ, ಅದೇ ಚಂದ, ಪ್ಲೇಟಿನಲ್ಲಿ ನಿಲ್ಲಬೇಕಾದರೆ ಅದೇ ತಲೆನೋವು. ಕೊನೆಗೆ ದಪ್ಪ ಬಿಲ್ಲೆ ಕತ್ತರಿಸಿ, ಉಪ್ಪು ನೀರಲ್ಲಿಟ್ಟು, ಒರೆಸಿ, ಜೋರು ಬಿಸಿ ಕಾವಲಿಯಲ್ಲಿ ಎರಡೂ ಬದಿ ಕೆಂಪಗೆ ಮಾಡಿ ತೆಗೆದೆ.

ಮೀನಿನ ದೋಣಿ ಬರುವ ಧಕ್ಕೆಯಲ್ಲಿ ಬೆಳಿಗ್ಗೆ ಸಣ್ಣ ಅಂಜಲ್ ಆರಿಸಿ, ಥರ್ಮೋಕೋಲ್ ಪೆಟ್ಟಿಗೆಗೆ ಐಸ್ ತುಂಬಿ, ಮಧ್ಯಾಹ್ನ ಚೆನ್ನೈ ಮೇಲ್ ಹತ್ತಿದೆ. ರಾತ್ರಿಯಿಡೀ ಪೆಟ್ಟಿಗೆಯಿಂದ ನೀರು ಸೋರಿ ಪಕ್ಕದ ಸೀಟಿನವರ ಚಪ್ಪಲಿ ಒದ್ದೆಯಾಯಿತು. ಪಾಪ, ಅವರು ಏನೂ ಹೇಳಲಿಲ್ಲ.

ಸ್ಪರ್ಧೆಯಲ್ಲಿ ಕೈ ನಡುಗಲಿಲ್ಲ. ಮೀನಿನ ಮುಳ್ಳು ಬಿಡಿಸಿದೆ, ಬ್ಯಾಡಗಿ ಮೆಣಸು ಹುರಿದೆ, ಹುಳಿ ಸೇರಿಸಿ ಅರೆದು ಸೋಸಿ ಕುದಿಸಿದೆ. ನಾಲ್ಕು ನಿಮಿಷ ಉಳಿಯಿತು. ಒಬ್ಬ ಜಡ್ಜ್ ಪ್ಲೇಟ್ ನೋಡುವ ಮೊದಲು ಬಗ್ಗಿ ನನ್ನ ಕಸದ ಡಬ್ಬಿ ನೋಡಿದರು. ಅಲ್ಲಿ ಅಂಜಲಿನ ತಲೆ ಮತ್ತು ಮುಳ್ಳು ಇತ್ತು. "ಇದನ್ನು ಕುದಿಸಿ ಸೋಸಿ ಸ್ಟಾಕ್ ಮಾಡಬಹುದಿತ್ತಲ್ವಾ? ನಿಮ್ಮ ಸಾಸ್‌ಗೆ ನೀರೇ ಯಾಕೆ ಹಾಕಿದ್ದು?" ಎಂದು ಕೇಳಿದರು. ಬಾಯಿ ಕಟ್ಟಿತು. ಪ್ರ್ಯಾಕ್ಟೀಸ್‌ನಲ್ಲಿ ಮೂವತ್ತು ಸಲವಾದರೂ ಈ ಅಡುಗೆ ಮಾಡಿದ್ದೇನೆ, ಪ್ರತಿ ಸಲ ತಲೆಯನ್ನು ಅಮ್ಮ ಮನೆಯ ಗಸಿ ಸಾರಿಗೆ ಎತ್ತಿಟ್ಟುಕೊಳ್ಳುತ್ತಿದ್ದರು, ಹಾಗಾಗಿ ಅದು ಎಲ್ಲಿ ಹೋಗುತ್ತದೆ ಎಂದು ನಾನು ಯೋಚನೆಯೇ ಮಾಡಿರಲಿಲ್ಲ.

ರುಚಿಗೆ ಒಳ್ಳೆಯ ಅಂಕ ಬಂತು. ತಂಡದಲ್ಲಿ ಜಾಗ ಸಿಗಲಿಲ್ಲ, ಮೀಸಲು ಪಟ್ಟಿಯಲ್ಲಿ ಹೆಸರು ಬಂತು. ಮನೆಗೆ ಬಂದು ಎಲ್ಲ ಹೇಳಿದೆ. ಅಮ್ಮ ಪೂರ್ತಿ ಕೇಳಿ, "ಅಲ್ಲ ಮಗಾ, ಅಷ್ಟು ಒಳ್ಳೆಯ ತಲೆ ಬಿಸಾಡಿದಿಯಾ?" ಎಂದರು. ಆಯ್ಕೆಯ ವಿಷಯ ಕೇಳಲೇ ಇಲ್ಲ.